ಗುಂಡನ ರಬ್ಬರ್ ಚಡ್ಡಿ

ಕಾಲುವೆ ಕೆಲಸದ ಓವರ್‌ಸಿಯರ್ ಸಾಹೇಬರು ತಮ್ಮ ಉದ್ದನೆಯ ರೇನ್‌ಕೋಟನ್ನು ಮೊಳಕಾಲಿನವರೆಗೆ ಕತ್ತರಿಸಿಕೊಡು ಎಂದದ್ದೇ ತಪ್ಪಾಯಿತು. ಉಳಿದ ರಬ್ಬರ್ ತುಂಡನ್ನು ಬಿಸಾಡಲು ಸಿಂಧನೂರಿನ ದರ್ಜಿ ಸೂಗಪ್ಪನಿಗೆ ಮನಸ್ಸಾಗಲಿಲ್ಲ. ಹನ್ನೊಂದು ತಿಂಗಳ ಮಗ ಅಮರಗುಂಡಪ್ಪನಿಗೆ, ಅಂದರೆ ಮನೆಮಂದಿಯ ಬಾಯಲ್ಲಿ ಗುಂಡನಿಗೆ, ಅದರಲ್ಲೊಂದು ಚಡ್ಡಿ ಹೊಲಿದ. ಸೊಂಟಕ್ಕೊಂದು ಲಾಡಿ, ತೊಡೆಗೆರಡು ಲಾಡಿ. ಒಳಗೆ ಹಳೆಯ ಧೋತರದ ಮಡಿಕೆ. ಒಂದು ಹನಿ ಹೊರಗೆ ಬಂದರೆ ಕೇಳಿ!

"ದಿನಕ್ಕ ಇಪ್ಪತ್ತು ಲಂಗೋಟಿ ಒಗಿಯೋದು ತಪ್ಪಿತು ನೋಡು," ಎಂದು ಹೆಂಡತಿ ಶೇಖರಮ್ಮನ ಮುಂದೆ ಎದೆಯುಬ್ಬಿಸಿದ.

ಆಕೆ ಚಡ್ಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಉಸುರಾಡಾಕ ಜಾಗಾನೇ ಇಲ್ಲಲ್ರೀ ಇದಕ."

"ಚಡ್ಡಿಗ್ಯಾಕ ಉಸುರು ಬೇಕು?"

ಎರಡು ದಿನ ಗುಂಡ ಅದರಲ್ಲೇ ಅಂಗಳ ಅಳೆದ. ಮೂರನೆಯ ದಿನ ಮುಂಜಾನೆ ಶೇಖರಮ್ಮ ತವರೂರು ಜವಳಗೇರಾಕ್ಕೆ ಹೊರಟಳು. ಅವಳ ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. "ಬಿಸಿಲಾಗ ಕೂಸಿನ್ನ ಯಾಕ ಒಯ್ತಿ? ಚಡ್ಡಿ ಐತಿ, ನಾ ಅದೀನಿ. ಹಾಲು ಕುಡಿಸಿ, ಗಂಜಿ ತಿನಿಸಿ ಆರಾಮ ಇಟ್ಟಿರ್ತೀನಿ, ಹೋಗಿ ಬಾ," ಎಂದು ಸೂಗಪ್ಪ ತಾನಾಗಿಯೇ ಹೇಳಿದ.

ಬಸ್ಸು ಎಬ್ಬಿಸಿದ ಧೂಳು ಕೂತಿರಲಿಲ್ಲ, ಗುಂಡ ಕಿರುಚತೊಡಗಿದ. ಹಾಲು ಕೊಟ್ಟರೆ ಒಲ್ಲ, ಗಿಲಕಿ ಆಡಿಸಿದರೆ ಒಲ್ಲ. ಸೂಗಪ್ಪ ಲಾಡಿ ಬಿಚ್ಚಿ ನೋಡಿದ. ಕೂಸಿನ ಕುಂಡಿ ಬ್ಯಾಡಗಿ ಮೆಣಸಿನಕಾಯಿಯಷ್ಟು ಕೆಂಪಾಗಿತ್ತು. ತೊಡೆಯ ಸಂದಿಯಲ್ಲಿ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿದಿತ್ತು.

ಕಂದನ ಅಳು ಕೇಳಿ ಪಕ್ಕದ ಮನೆಯ ಮುದುಕಿ ವೀರಭದ್ರಮ್ಮ ಗೋಡೆಯ ಮೇಲಿಂದಲೇ ಇಣುಕಿದಳು. "ಹೊಟ್ಟ್ಯಾಗಿನ ಕಾವು ಕೆಳಗ ಇಳದೈತೋ ತಮ್ಮಾ! ಬೇವಿನ ಎಲಿ ಅರದು ಹಚ್ಚಬೇಕು. ತಡಿ, ನಾ ತರ್ತೀನಿ."

ಸೂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಒಂದು ಬೊಗಸೆ ಹಸಿರು ಮುದ್ದೆ ಬಂದು ಕೂಸಿನ ಕುಂಡಿಗೆ ಮೆತ್ತಿತು. ಗುಂಡ ಕೂಗಿದ ಕೂಗಿಗೆ ಮಾಳಿಗೆಯ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು.

ಅಷ್ಟರಲ್ಲಿ ಎದುರು ಮನೆಯ ಕರಿಬಸಪ್ಪನವರು ಬಂದರು. ನಿಜಾಮರ ಕಾಲದಲ್ಲಿ ಕಚೇರಿಯ ಗುಮಾಸ್ತರಾಗಿದ್ದವರು. ಅವರಿಗೆ ತಿಳಿಯದ ವಿಷಯ ಇನ್ನೂ ಹುಟ್ಟಿರಲಿಲ್ಲ.

"ಬೇವಂತ ಬೇವು! ಹೈದರಾಬಾದಿನಾಗ ನವಾಬರ ಮಕ್ಕಳಿಗೆ ಏನ ಹಚ್ತಾರ ಗೊತ್ತೇನು? ಪೌಡ್ರು!" ಎಂದವರೇ ಮನೆಗೆ ಓಡಿ, ಸೊಸೆ ಮುಖಕ್ಕೆ ಹಚ್ಚಿಕೊಳ್ಳುವ ಡಬ್ಬಿ ತಂದು ಹಸಿ ಬೇವಿನ ಮೇಲೆ ಅರ್ಧಕ್ಕರ್ಧ ಸುರಿದರು.

"ನನ್ನ ಔಷಧ ಕೆಡಿಸಿದಿರಲ್ರೀ!" ಎಂದಳು ವೀರಭದ್ರಮ್ಮ.

"ನಿಂದು ಔಷಧ ಅಲ್ಲಬೇ, ಚಟ್ನಿ!" ಎಂದರು ಕರಿಬಸಪ್ಪ.

ಅವರಿಬ್ಬರ ಜಗಳ ಏರುತ್ತಿದ್ದಂತೆ ಗುಂಡನ ಕುಂಡಿಯ ಮೇಲಿನ ಲೇಪವೂ ಒಣಗಿ ಬಿಗಿಯತೊಡಗಿತು. ಸೂಗಪ್ಪ ಮಗನನ್ನು ಎತ್ತಿಕೊಂಡು ಸೂಲಗಿತ್ತಿ ಮಕ್ತುಂಬೀ ಮನೆಗೆ ಓಟ ಕಿತ್ತ. ಹಾದಿಯಲ್ಲಿ ಒಬ್ಬ, "ಏನಲೇ ಸೂಗ, ನಿನ್ನ ಮಗಗ ಹೋಳಿ ಹುಣ್ಣಿವಿ ಈಗ ಬಂತೇನು?" ಎಂದು ಕೇಳಿದ. ಸೂಗಪ್ಪ ತಿರುಗಿಯೂ ನೋಡದೆ ಓಡಿದ.

ಅರ್ಧ ಊರನ್ನೇ ಭೂಮಿಗೆ ಇಳಿಸಿದ ಕೈ ಮಕ್ತುಂಬೀಯದು. ಕೂಸನ್ನು ಬೋರಲು ಮಲಗಿಸಿ ನೋಡಿ, "ಯಾ ಅಲ್ಲಾ! ಗ್ವಾಡಿಗೆ ಮಾಡಿದಂಗ ಇದಕ ಗಿಲಾವು ಮಾಡಿದವರು ಯಾರು?" ಎಂದಳು. ಉಗುರು ಬೆಚ್ಚಗಿನ ನೀರು ಬಿಟ್ಟು ಬಿಟ್ಟು ಲೇಪವನ್ನು ನೆನೆಸಿ ತೆಗೆದಳು. ಮೆತ್ತನೆಯ ಬಟ್ಟೆಯಿಂದ ತಿಕ್ಕದೆ, ಒತ್ತಿ ಒತ್ತಿ ಒರೆಸಿದಳು. ಸುಲಿದ ಸಿಪ್ಪೆಯನ್ನು ಕೀಳಲು ಸೂಗಪ್ಪ ಬೆರಳು ಚಾಚಿದ. ಅವಳು ಫಟ್ಟನೆ ಕೈಗೆ ಹೊಡೆದಳು.

"ಕೀಳಬ್ಯಾಡ! ಕೆಳಗ ಹೊಸ ಚರ್ಮ ಬಂದ ಮ್ಯಾಲೆ ತಾನೇ ಉದುರತೈತಿ. ಕೂಸಿಗೆ ಏನ್ ಹಾಕಿದ್ದಿ, ಖರೇ ಹೇಳು."

ಸೂಗಪ್ಪ ತಲೆ ತಗ್ಗಿಸಿ ರಬ್ಬರ್ ಚಡ್ಡಿಯ ಕತೆ ಹೇಳಿದ.

"ಉಚ್ಚಿ ಹಸಿ, ಒಳಗಿನ ಕಾವು, ಮ್ಯಾಲೆ ತಿಕ್ಕಾಟ. ಮೂರೂ ಕೂಡಿದ್ರ ಕುದುರಿ ಚರ್ಮಾನೂ ಸುಲೀತೈತಿ, ಇದು ಕೂಸು! ಕೇಳಿಲ್ಲಿ. ಹಸಿ ಆತಂದ್ರ ಆಗಿಂದಾಗ ತೊಳಿ. ಪೂರಾ ಒಣಗಿಸು. ತೆಳ್ಳಗ ಕೊಬ್ಬರಿ ಎಣ್ಣಿ ಹಚ್ಚು. ಲಂಗೋಟಿ ಬ್ಯಾಡ, ಚಡ್ಡಿ ಬ್ಯಾಡ, ಗಾಳಿ ಆಡಲಿ. ಕೀವು ಕಂಡ್ರ, ಜ್ವರ ಬಂದ್ರ ಸೀದಾ ದವಾಖಾನಿಗೆ ನಡಿ. ನೆಪ್ಪ ಇರ್ಲಿ."

ಸೂಗಪ್ಪ ಎಲ್ಲವನ್ನೂ ಮಂತ್ರದಂತೆ ನೆನಪಿಟ್ಟುಕೊಂಡ. ಆದರೆ ಮನೆಯ ಮುಂಭಾಗದ ಅಂಗಡಿಯಲ್ಲಿ ಕರಿಬಸಪ್ಪನವರ ಎರಡು ಅಂಗಿ ಕಾಯುತ್ತಿದ್ದವು. ಸಂಜೆಯೊಳಗೆ ಕೊಡಲೇಬೇಕು. ಬೆತ್ತಲೆ ಗುಂಡನಿಗೋ ನೆಲವೂ ಬೇಡ, ತೊಟ್ಟಿಲೂ ಬೇಡ. ಅಪ್ಪನ ತೊಡೆಯೇ ಬೇಕು. ಹೊಲಿಗೆ ಮಷಿನ್ನಿನ ಗಡಗಡ ಕೇಳಿದರೆ ಕೇಕೆ ಹಾಕಿ ನಗುತ್ತಿದ್ದ. ನಕ್ಕಾಗಲೆಲ್ಲ ಉಚ್ಚೆ ಹೊಯ್ಯುತ್ತಿದ್ದ.

ಸೂಗಪ್ಪ ಬೇಸರಿಸಲಿಲ್ಲ. ಮಷಿನ್ ನಿಲ್ಲಿಸುವುದು, ಕೂಸನ್ನು ತೊಳೆಯುವುದು, ಒತ್ತಿ ಒರೆಸುವುದು, ಎಣ್ಣೆ ಹಚ್ಚುವುದು, ಮತ್ತೆ ತೊಡೆಯ ಮೇಲೆ ಕೂರಿಸಿಕೊಂಡು ಪೆಡಲ್ ತುಳಿಯುವುದು. ಅಂಗಿಗಳ ಕಾಲರ್ ಕೂಡುವಷ್ಟರಲ್ಲಿ ಗುಂಡ ಏಳು ಸಲ ಅಭಿಷೇಕ ಮಾಡಿದ್ದ. ಕೂಸು ತಣ್ಣಗಾಯಿತಲ್ಲ, ಸೂಗಪ್ಪನಿಗೆ ಅಷ್ಟೇ ಸಾಕಾಗಿತ್ತು. ಮಗನ ಮೆತ್ತನೆಯ ಬೆನ್ನು ಹೊಟ್ಟೆಗೆ ಒರಗಿದ್ದಾಗ ಅವನಿಗೆ ಹಾಡೇ ಬಂದುಬಿಟ್ಟಿತು.

ಹೊತ್ತು ಇಳಿಯುವಾಗ ಶೇಖರಮ್ಮ ಬಂದಳು. ಮುಖ ಅರಳಿತ್ತು. "ತಂಗಿ ಲಗ್ನ ಕೂಡಿ ಬಂತ್ರೀ!" ಎಂದು ಪೇಢೆಯ ಪೊಟ್ಟಣ ಮುಂದೆ ಹಿಡಿದಳು. ಆಮೇಲೆ ಬೆತ್ತಲೆ ಮಗನನ್ನು ಕಂಡು ಹುಬ್ಬೇರಿಸಿದಳು. ಸೂಗಪ್ಪ ಏನನ್ನೂ ಮುಚ್ಚಿಡದೆ ಒಪ್ಪಿಕೊಂಡ. ಆಕೆ ಕೂಸನ್ನು ತಿರುಗಿಸಿ ನೋಡಿದಳು. ಕೆಂಪು ಕೊಂಚ ಇಳಿದಿತ್ತು. ಗುಂಡ ಚಪ್ಪಾಳೆ ತಟ್ಟಿದ.

"ತಪ್ಪು ಮಾಡಿದ್ರೂ ಚಲೋ ತಿದ್ದಿಕೊಂಡೀರಿ ಬಿಡ್ರಿ. ಏಳ್ರಿ, ಪೇಢೆ ತಿನ್ನಾಕ ಬರ್ರಿ."

ಸೂಗಪ್ಪ ಹಿಗ್ಗಿನಿಂದ ಸ್ಟೂಲ್ ಬಿಟ್ಟು ಎದ್ದ. "ಯವ್ವಾ!" ಎಂದು ಅಲ್ಲೇ ನಿಂತ. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಡಲಾಗಲಿಲ್ಲ. ಎರಡು ಕಾಲನ್ನೂ ಅಗಲಿಸಿ, ಹೊಸದಾಗಿ ಲಾಳ ಬಡಿಸಿಕೊಂಡ ಎತ್ತಿನಂತೆ ಹೊಯ್ದಾಡಿದ.

"ಯಾಕ್ರೀ ಹಂಗ ನಡೀತೀರಿ?"

ಸೂಗಪ್ಪ ಅವಳ ಕಿವಿಯಲ್ಲಿ ಹೇಳಿದ. ಶೇಖರಮ್ಮ ಅವನ ಧೋತರ ಮುಟ್ಟಿ ನೋಡಿದಳು. ಮುಂಜಾನೆಯಿಂದ ಏಳು ಸಲ ತೊಯ್ದು, ಒಂದು ಸಲವೂ ಬದಲಾಗದೆ, ಪೆಡಲ್ ತುಳಿತಕ್ಕೆ ತಿಕ್ಕಿ ತಿಕ್ಕಿ ಅದು ಅಪ್ಪನ ತೊಡೆಯ ಸಂದಿಯಲ್ಲೂ ತನ್ನ ಕೆಲಸ ಮುಗಿಸಿತ್ತು.

ಕೂಸನ್ನು ನೋಡಿ ಹೋಗಲು ಬಂದ ಮಕ್ತುಂಬೀ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡು ಸೊಂಟ ಹಿಡಿದು ನಕ್ಕಳು. "ಔಷಧ ಒಂದೇ ಬೇಟಾ. ತೊಳಕೊ, ಒಣಗಿಸ್ಕೊ, ಎಣ್ಣಿ ಹಚ್ಕೊ. ಮೂರು ದಿನ ಮಷಿನ್ ಬಂದ್."

ಅಂಗಿ ಒಯ್ಯಲು ಕರಿಬಸಪ್ಪನವರು ಬಂದಾಗ ಅಂಗಡಿಯಲ್ಲಿ ಗುಂಡ ಸ್ಟೂಲ್ ಹಿಡಿದು ನಿಂತಿದ್ದ. ಒಳಬಾಗಿಲಿಗೆ ಚಿಲಕ ಬಿದ್ದಿತ್ತು. ಶೇಖರಮ್ಮ ಅದರ ಮುಂದೆ ಬೀಸಣಿಗೆ ಹಿಡಿದು ಕೂತಿದ್ದಳು.

"ದರ್ಜಿ ಎಲ್ಲಿ ಹೋಗ್ಯಾನಬೇ? ಗುಂಡಿ ಹಚ್ಚೋದು ಬಾಕಿ ಐತಲ್ಲ!"

ಶೇಖರಮ್ಮ ಸೆರಗಿನಿಂದ ನಗು ಮುಚ್ಚಿಕೊಂಡು ಹೇಳಿದಳು:

"ಒಳಗ ಒಣಗಾಕತ್ತಾರ್ರೀ."