ಹೊಟ್ಟೆನೋವಿಗೊಂದು ಕರೆಂಟ್ ಡಬ್ಬಿ

ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲದ್ದು ತಿಂಗಳಿಗೊಮ್ಮೆಯಾದರೂ ನನ್ನ ಕಣ್ಣೆದುರು ನಡೆಯುತ್ತದೆ. ಬಳ್ಳಾರಿಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಮಂಗಳವಾರ ಕುರುಗೋಡಿಗೆ, ಶುಕ್ರವಾರ ಸಿರುಗುಪ್ಪಕ್ಕೆ ಹೋಗುತ್ತೇನೆ. ಮುಟ್ಟಿನ ಹೊಟ್ಟೆನೋವಿಗೆ ಅಂಗೈಯಗಲದ ಒಂದು ಯಂತ್ರ ಕೊಡುತ್ತೇನೆ. ಎರಡು ಅಂಟುಪಟ್ಟಿಗಳನ್ನು ಕಿಬ್ಬೊಟ್ಟೆಗೆ ಹಚ್ಚಿ ಗುಂಡಿ ತಿರುಗಿಸಿದರೆ ಸಣ್ಣ ಕರೆಂಟು ಜುಮುಜುಮು ಎಂದು ಹರಿಯುತ್ತದೆ. ಕೆಲವರಿಗೆ ನೋವು ಇಳಿಯುತ್ತದೆ, ಕೆಲವರಿಗೆ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

೧. ಕ್ಯಾಲೆಂಡರ್

ಬಳ್ಳಾರಿಯಲ್ಲೊಂದು ಜೀನ್ಸ್ ಹೊಲಿಯುವ ಘಟಕ. ಅರವತ್ತು ಹೆಂಗಸರು, ಒಬ್ಬ ಸೂಪರ್‌ವೈಸರ್. ಹೊಟ್ಟೆನೋವಿನ ರಜೆ ತಪ್ಪಲಿ ಎಂದು ಆತ ಯಂತ್ರ ತರಿಸಿದ. ಅರವತ್ತು ಜನಕ್ಕೆ ಒಂದು. ಹಚ್ಚುವುದನ್ನು ತೋರಿಸಲು ನನ್ನನ್ನು ಕರೆಸಿ, ಮೊದಲು ಗೋಡೆಯ ಕ್ಯಾಲೆಂಡರ್ ತೋರಿಸಿದ.

"ಮೇಡಂ, ಎಲ್ಲಾರೂ ತಮ್ ತಮ್ ತಾರೀಖು ಮೊದ್ಲೇ ಬರಸ್ಲಿ. ದಿನಕ್ಕ ಇಬ್ರು. ಒಬ್ರಿಗೊಬ್ರು ಅಡ್ಡ ಬರಬಾರ್ದು ನೋಡ್ರಿ."

ಕಾಜಾ ಹಾಕುತ್ತಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು: "ಸಾರ್, ಬಟ್ಟಿ ಲಾರಿ ಇವತ್ತು ಬರ್ತೈತಿ ಅಂತ ಮೂರು ದಿನದಿಂದ ಹೇಳಾಕತ್ತೀರಿ. ನಮ್ದು ಮಾತ್ರ ತಾರೀಖಿಗೆ ಸರಿಯಾಗಿ ಬರ್ಬೇಕಾ?"

೨. ಸೆಲ್ಲು

ಕುರುಗೋಡಿನಲ್ಲಿ ಒಬ್ಬಾಕೆ ಕೈ ಮುಗಿದಳು. "ಡಾಕ್ಟ್ರಮ್ಮ, ಹಚ್ಚಿದ ಹತ್ತು ನಿಮಿಷಕ್ಕ ನೋವು ಮಾಯ ಆತ್ರಿ."

ಯಂತ್ರದ ಹಿಂಬದಿ ತೆಗೆದು ನೋಡಿದೆ. ಖಾಲಿ.

"ಸೆಲ್ ಎಲ್ಲಮ್ಮ?"

"ತಂದ ದಿನಾನ ಟೀವಿ ರಿಮೋಟಿಗೆ ಹಾಕೀನ್ರಿ."

ಸೆಲ್ಲಿಲ್ಲದೆ ಕರೆಂಟಿಲ್ಲ, ಕರೆಂಟಿಲ್ಲದೆ ಯಂತ್ರ ಬರೀ ಡಬ್ಬಿ ಎಂದು ವಿವರಿಸಿ, ಹೊಸ ಸೆಲ್ ಹಾಕಿ ಕಳಿಸಿದೆ. ಮುಂದಿನ ತಿಂಗಳು ಮುಖ ಸಿಂಡರಿಸಿಕೊಂಡು ಬಂದಳು.

"ಸೆಲ್ ತಗೀರಿ ಡಾಕ್ಟ್ರಮ್ಮ. ಮೊದ್ಲಿನಂಗ ಕೆಲಸ ಮಾಡವಲ್ದು."

೩. ಅಜ್ಜಿಯ ಮೊಣಕಾಲು

ಸಿರುಗುಪ್ಪದ ಹುಡುಗಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಹಿಂದಿನ ಸಲ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನೋವಿಗೆ ನಿಲ್ಲಲಾಗದೆ ಅರ್ಧಕ್ಕೇ ಹೊರಬಂದು ಫೇಲಾಗಿದ್ದಳು. ಈ ಸಲವೂ ಪರೀಕ್ಷೆ ಅದೇ ದಿನಗಳಲ್ಲಿ ಬಂದಿತ್ತು. ಇನ್ನೊಮ್ಮೆ ಫೇಲಾದರೆ ಒಂದು ವರ್ಷ ಹೋದಂತೆ. ಮನೆಗೆ ಕೊಡುವ ಮೊದಲು ನಾನೇ ಹಚ್ಚಿ ನೋಡಿದಾಗ ಯಂತ್ರದಿಂದ ಅವಳಿಗೆ ನಿಜಕ್ಕೂ ಗುಣ ಕಂಡಿತ್ತು. ತೊಂದರೆ ಎಂದರೆ ಅಜ್ಜಿಯ ಮೊಣಕಾಲಿಗೂ ಗುಣವಿತ್ತು. ಯಂತ್ರ ಅಜ್ಜಿಯ ದಿಂಬಿನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

ಆ ಮನೆಯಲ್ಲಿ ಮುಟ್ಟಾದವರಿಗೆ ಮೂರು ದಿನ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ. ಅವರು ಮುಟ್ಟಿದ್ದನ್ನು ಅಜ್ಜಿ ಮುಟ್ಟುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ನಾನು ಅಜ್ಜಿಯ ಕಾಲು ನೋಡುತ್ತಿದ್ದಾಗ ಹುಡುಗಿ ಮೂಲೆಯ ಚಾಪೆಯಿಂದ ಎದ್ದು ಬಂದು ಯಂತ್ರ ಎತ್ತಿಕೊಂಡಳು.

"ಮುಟ್ಟಿಬಿಟ್ಟೆ ಅಜ್ಜಿ. ಇನ್ನ ಇದು ನಂದು."

ಅಜ್ಜಿ ಹೌಹಾರಿದಳು. ಕಾಲು ನೀವಿಕೊಳ್ಳುತ್ತಾ ಯಂತ್ರದತ್ತ ಕೈ ಚಾಚಿದಳು.

"ಕರೆಂಟಿಗೆಲ್ಲಿ ಮೈಲಿಗಿ? ಊರಾಗ ಎಲ್ಲಾರ ಮನಿಗೂ ಅದ ತಂತ್ಯಾಗ ಬರ್ತೈತಿ. ತಾ ಇಲ್ಲಿ."

"ಕರೆಂಟ್ ಹರಿಯೋ ವಸ್ತುವಿಗೆ?"

"ಅದಕ್ಕೂ ಇಲ್ಲ. ತಾ."

ಹುಡುಗಿ ನಮಗೆ ಬೆನ್ನು ಮಾಡಿ ಪಟ್ಟಿ ಹಚ್ಚಿಕೊಂಡಳು. ಗುಂಡಿ ತಿರುಗಿಸಿದಳು. "ಈಗ ನನ್ನ ಮೈಯಾಗೂ ಹರಿಯಾಕತ್ತೈತಿ" ಎಂದು ನೇರ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಅಜ್ಜಿ ಅಡುಗೆಮನೆಯ ಬಾಗಿಲು ನೋಡಿದಳು, ತನ್ನ ಮೊಣಕಾಲು ನೋಡಿಕೊಂಡಳು. ನಾನು ಚಾವಣಿ ನೋಡಿದೆ. ಕಡೆಗೆ ಅಜ್ಜಿ ಕೂಗಿದಳು: "ಸಕ್ರಿ ಮ್ಯಾಲಿನ ಡಬ್ಬ್ಯಾಗೈತಿ. ನಾಳೆ ಪರೀಕ್ಷಿ ಮುಗಿದ ಕೂಡ್ಲೆ ಮಷಿನ್ ತಂದು ಕೊಡು."

ಮರುದಿನ ಹುಡುಗಿ ಸೊಂಟಕ್ಕೆ ಯಂತ್ರ ಸಿಕ್ಕಿಸಿಕೊಂಡು ಮೂರು ತಾಸು ನಿಂತು ಪರೀಕ್ಷೆ ಮುಗಿಸಿದಳು. ಆಮೇಲೆ ಪಾಸೂ ಆದಳು.

ಮುಂದಿನ ಶುಕ್ರವಾರ ಅಜ್ಜಿ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು. "ನಮ್ಮ ಸೊಸಿಗೂ ಒಂದು ಮಷಿನ್ ಕೊಡ್ರಿ."

"ಅವರಿಗೂ ಹೊಟ್ಟೆನೋವಾ?"

"ಆಕಿಗೇನ್ ನೋವು? ಗುಂಡಕಲ್ಲಿನಂಗ ಅದಾಳ. ಆಕಿ ಹೊರಗ ಕುಂತ್ರ ಮೂರು ದಿನ ರೊಟ್ಟಿ ನಾನ ಬಡೀಬೇಕು."