ಕದಲದ ಜೇನು

ಮುಳ್ಳಪ್ಪನವರ ಫಜೀತಿ ಶುರುವಾದದ್ದು ಅರ್ಧ ಕಿಲೋ ಜೇನಿನಿಂದ. ಗಡಿಯಾರ ರಿಪೇರಿ ಮಾಡುವ ಆ ಸಣಕಲು ಮನುಷ್ಯನಿಗೆ ಓಣಿಯವರು ಇಟ್ಟ ಹೆಸರು ಅದು; ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು.

ಜೇನು ಅವರದಲ್ಲ, ಹೆಂಡತಿಯದು. ಆಕೆ ತಾರಸಿಯ ಮೇಲೆ ಪೆಟ್ಟಿಗೆಗಳನ್ನಿಟ್ಟು ಬಹಳ ವರ್ಷ ಜೇನು ಸಾಕಿದ್ದರು. ದೂರದ ನಗರದಲ್ಲಿ ನಡೆಯುವ ಜೇನಿನ ಸ್ಪರ್ಧೆಗೆ ವರ್ಷಕ್ಕೊಂದು ಬಾಟಲಿ ಕಳಿಸುವರು; ವರ್ಷಕ್ಕೊಂದು ಎರಡನೆಯ ಬಹುಮಾನ ಬರುವುದು. ಮೊದಲನೆಯದು ಅದೇ ನಗರದಲ್ಲಿದ್ದ ಆಕೆಯ ಸ್ವಂತ ಅಕ್ಕನಿಗೆ. ಅಕ್ಕತಂಗಿಯರ ನಡುವೆ ಜಗಳವೇನೂ ಇರಲಿಲ್ಲ. ಬಹುಮಾನದ ಪತ್ರ ಬಂದ ದಿನ ಮಾತ್ರ ಮುಳ್ಳಪ್ಪನವರು ಬಿಸಿಲಾರುವ ತನಕ ಅಂಗಡಿಯಲ್ಲೇ ಕೂತಿರುತ್ತಿದ್ದರು.

ಈ ವರ್ಷ ಆಕೆ ಹಾಸಿಗೆ ಹಿಡಿದರು. ಹಿಡಿದ ಮೇಲೂ ಒಂದು ಬಾಟಲಿಯನ್ನು ತಣ್ಣನೆಯ ಕಪಾಟಿನಲ್ಲಿಟ್ಟು, ದಿನಾ ತರಿಸಿಕೊಂಡು, ಮರದ ಚಮಚದಿಂದ ಕಲಕುವರು. “ಹಾಳಾಗಿದೆ ಕಣೇ, ಹೆಪ್ಪುಗಟ್ಟಿ ಕೂತಿದೆ,” ಎಂದು ಗಂಡ ಹೇಳಿದರೆ, “ನೀವು ನಿಮ್ಮ ಗಡಿಯಾರ ನೋಡ್ಕೊಳ್ಳಿ,” ಎನ್ನುವರು. ಕೊನೆಯ ವಾರ ಹತ್ತಿರ ಕರೆದರು.

“ಫೋನ್ ಮಾಡಿ ಹೆಸರು ಕೊಟ್ಟಿದೀನಿ ಕಣ್ರೀ. ಈ ಸಲ ಅಕ್ಕನ ಹಿಂದೆ ನಿಲ್ಲಲ್ಲ ನಾನು. ನೀವು ಬಾಟಲಿ ಕೊಟ್ಟು ಬಂದ್ರೆ ಸಾಕು. ಕೈಯಲ್ಲೇ ತಗೊಂಡು ಹೋಗಿ. ಪಾರ್ಸೆಲ್‌ನೋರ ಕೈಗೆ ಕೊಡ್ಬೇಡಿ.”

ಹಿಂದಿನ ವರ್ಷದ ಪಾರ್ಸೆಲ್ಲಿನಲ್ಲಿ ಜೇನು ಅರ್ಧ ಬಾಟಲಿಯಲ್ಲೂ ಅರ್ಧ ರಟ್ಟಿನ ಡಬ್ಬದಲ್ಲೂ ತಲುಪಿತ್ತು.

ಆಕೆ ಹೋದರು. ಯಜಮಾನಿಯ ಹಿಂದೆಯೇ ಹುಳುಗಳೂ ಚಳಿಗೆ ಹೋದವು. ಆಕೆಯ ಕೈಕೆಲಸವೆಂದು ಮನೆಯಲ್ಲಿ ಉಳಿದದ್ದು ಆ ಬಾಟಲಿ ಒಂದೇ.

ಅಷ್ಟು ದೂರಕ್ಕೆ ವಿಮಾನವೇ ಗತಿ. ಪಕ್ಕದ ಅಂಗಡಿಯ ದರ್ಜಿ ಜನ್ಮದಲ್ಲಿ ಒಂದೇ ಸಲ ವಿಮಾನ ಹತ್ತಿದವನು. ಹಾಗಾಗಿ ಆ ವಿಷಯದಲ್ಲಿ ಓಣಿಗೆಲ್ಲ ಅವನ ಮಾತೇ ಕೊನೆ.

“ಕೈಚೀಲದಲ್ಲಿ ನೂರು ಮಿಲಿ ಮೇಲೆ ನೀರು ಗೀರು ಬಿಡಲ್ಲ ಮುಳ್ಳಪ್ಪನೋರೆ. ನನ್ನ ಕಣ್ಣೆದುರಿಗೇ ಒಬ್ಬಾಕೆ ಶಾಂಪೂ ಕಿತ್ಕೊಂಡು ಬುಟ್ಟಿಗೆ ಹಾಕಿದ್ರು. ಹಂಗಾದ್ರೆ ಇಲ್ಲೇ ತಲೆ ತೊಳ್ಕೊಂಡು ಹೋಗ್ತೀನಿ ಅಂತ ಕೂತ್ಬಿಟ್ಲು ಪುಣ್ಯಾತ್ಗಿತ್ತಿ.”

“ಇದು ಜೇನು ಕಣಯ್ಯ.”

“ಅದೂ ನೀರಿನ ಜಾತಿನೇ.” ದರ್ಜಿ ಬಾಟಲಿಯನ್ನು ಬೋರಲು ಹಿಡಿದು, ಬಟ್ಟೆಯ ಕುಂದು ಹುಡುಕುವವನಂತೆ ಕಣ್ಣು ಕಿರಿದು ಮಾಡಿದ. “ಆದ್ರೆ ಕದಲ್ತಾನೇ ಇಲ್ವಲ್ಲ. ಹಂಗಿದ್ರೆ ಧೈರ್ಯವಾಗಿ ಗಟ್ಟಿ ಪದಾರ್ಥ ಅಂತ ಹೇಳಿ. ಯಾರೇ ಕೇಳ್ಲಿ, ಒಂದೇ ಮಾತು. ಮಾತು ಬದಲಾಯಿಸಿದ್ರೋ, ಅಲ್ಲೇ ಹಿಡೀತಾರೆ.”

ಸ್ಪರ್ಧೆಯ ದಿನ ಬೆಳಿಗ್ಗೆ ಮುಳ್ಳಪ್ಪನವರು ಬಾಟಲಿಯನ್ನು ಹೆಂಡತಿಯ ಉಣ್ಣೆಯ ಶಾಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತರು. ಮುಂದಿದ್ದ ಹೆಂಗಸಿನ ಟೂತ್‌ಪೇಸ್ಟು ಬುಟ್ಟಿಗೆ ಬಿತ್ತು.

“ಅದ್ರಲ್ಲಿ ಏನೂ ಉಳಿದಿಲ್ಲ ಸ್ವಾಮಿ. ನಾನೇ ಸುರುಳಿ ಸುತ್ತಿ ಹಿಂಡ್ತಾ ಇದೀನಿ.”

“ಒಳಗೆ ಎಷ್ಟಿದೆ ಅನ್ನೋದು ನಮಗೆ ಬೇಡಮ್ಮ,” ಎಂದ ಮೀಸೆಯ ಅಧಿಕಾರಿ. “ಟ್ಯೂಬ್ ಎಷ್ಟು ದೊಡ್ಡದು, ಅದು ಲೆಕ್ಕ.” ಆಮೇಲೆ ಶಾಲು ಬಿಚ್ಚಿಸಿದ. “ಏನಿದು?”

“ಗಟ್ಟಿ ಪದಾರ್ಥ.”

“ಅಂದ್ರೆ?”

“ಜೇನುತುಪ್ಪ.”

“ಜೇನುತುಪ್ಪ ದ್ರವ ಕಣ್ರೀ.”

“ಇದು ಗಟ್ಟಿ ಸಾರ್,” ಎಂದರು ಮುಳ್ಳಪ್ಪ. ದರ್ಜಿಯ ಮಾತು ಕಿವಿಯಲ್ಲಿ ಅಲಾರಮ್ಮಿನಂತೆ ಬಡಿಯುತ್ತಿತ್ತು.

ಪಕ್ಕದ ಯಂತ್ರದ ಮುಂದಿದ್ದ ಕನ್ನಡಕದ ಅಧಿಕಾರಿಣಿ ಇತ್ತ ತಿರುಗಿದಳು. “ಹರಿದ್ರೆ ತಾನೆ ಸಾರ್ ದ್ರವ? ನಿನ್ನೆ ಗ್ರೀಸ್ ಡಬ್ಬಿನೇ ಬಿಟ್ರಿ.”

“ನಿನ್ನೆ ಕೂತಿದ್ದವನು ನಾನಲ್ಲ.”

“ನೀವೇ ಸಾರ್.”

ಮೀಸೆಯವನು ಬಾಟಲಿಯನ್ನು ಬೋರಲು ಹಾಕಿ ನಿಲ್ಲಿಸಿದ. ಎಲ್ಲರೂ ಬಗ್ಗಿ ನೋಡಿದರು. ಸಾಲಿಗೆ ಸಾಲೇ ಸ್ತಬ್ಧವಾಯಿತು. ಆಗಷ್ಟೇ ಹಿಂದೆ ಬಂದು ಸೇರಿದವನೊಬ್ಬ ಯಾರೋ ತೀರಿಕೊಂಡಿರಬೇಕೆಂದು ಟೋಪಿ ತೆಗೆದ. ಅವನ ಊಹೆ ಪೂರ್ತಿ ತಪ್ಪೇನೂ ಆಗಿರಲಿಲ್ಲ.

ಜೇನು ಕೂದಲೆಳೆಯಷ್ಟೂ ಜಾರಲಿಲ್ಲ.

“ಗಟ್ಟಿನೇ,” ಎಂದು ಮೀಸೆಯವನು ತೀರ್ಪು ಕೊಟ್ಟ. “ತಗೊಂಡು ನಡೀರಿ.”

ಮಧ್ಯಾಹ್ನ ಇನ್ನೊಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಮತ್ತೆ ತಪಾಸಣೆ. ಕೋಣೆಯಷ್ಟು ದೊಡ್ಡ ಹೊಸ ಯಂತ್ರ. ನೀರು ತುಂಬಿದ ಬಾಟಲಿ ಹಿಡಿದು ಜನ ಆರಾಮವಾಗಿ ದಾಟುತ್ತಿದ್ದುದನ್ನು ಕಂಡು ಮುಳ್ಳಪ್ಪನವರಿಗೆ ಕಾಲು ಹಗುರವಾಯಿತು. ಯಂತ್ರ ಅವರ ಶಾಲಿನ ಗಂಟನ್ನು ನುಂಗಿ ಕೆಂಪು ದೀಪ ಹಚ್ಚಿತು.

“ಒಳಗೆ ಏನಿದೆ ಸಾರ್?” ಎಂದಳು ಅಲ್ಲಿದ್ದ ಹುಡುಗಿ, ಬಹಳ ಮರ್ಯಾದೆಯಿಂದ.

“ಗಟ್ಟಿ ಪದಾರ್ಥ,” ಎಂದರು, ಈಗ ಅನುಭವಸ್ಥರ ಗತ್ತಿನಲ್ಲಿ.

ಹುಡುಗಿಯ ಮುಖದ ಮರ್ಯಾದೆ ಸ್ವಲ್ಪ ಇಳಿಯಿತು. “ಇಲ್ಲಿ ದ್ರವಕ್ಕೆ ಅಡ್ಡಿ ಇಲ್ಲ ಸಾರ್. ಎರಡು ಲೀಟರ್ ತನಕ ಬಿಡ್ತೀವಿ. ಹೀಗೆ ಮುದ್ದೆ ಕಟ್ಟಿ ಕೂತಿದ್ರೆ ಮಾತ್ರ ಯಂತ್ರಕ್ಕೆ ಅನುಮಾನ. ಸಿಡಿಯೋ ಸಾಮಾನೂ ಅದಕ್ಕೆ ಹಿಂಗೇ ಕಾಣುತ್ತೆ.”

“ಜೇನುತುಪ್ಪ ಕಣಮ್ಮ.”

“ಜೇನುತುಪ್ಪ ದ್ರವ ಅಲ್ವಾ?”

“ಬೆಳಿಗ್ಗೆ ಗಟ್ಟಿ ಅಂತ ಬಿಟ್ರಲ್ಲಮ್ಮ.”

“ಅದು ಅಲ್ಲಿ ಸಾರ್.”

“ಅಲ್ಲಿಗೂ ಇಲ್ಲಿಗೂ ಜೇನು ಬದಲಾಗಿಲ್ಲ ತಾಯಿ.”

“ನಿಲ್ದಾಣ ಬದಲಾಗಿದೆ ಸಾರ್,” ಎಂದು ಅವಳ ಮೇಲಧಿಕಾರಿ ಬಂದು ನಿಂತ. “ಕರಗಿಸಿ ತನ್ನಿ, ಬಿಡ್ತೀವಿ. ಇಲ್ಲಾಂದ್ರೆ ಅಲ್ಲಿದೆ ಬುಟ್ಟಿ.”

ಆ ಬುಟ್ಟಿಯಲ್ಲಿ ಮೇಣದ ಬತ್ತಿ, ಸೋಪಿನ ಗಟ್ಟಿ, ಯಾವುದೋ ಮಗುವಿನ ಬಣ್ಣದ ಜೇಡಿಮಣ್ಣು ಬಿದ್ದಿದ್ದವು. ಅವುಗಳ ನಡುವೆ ಹೆಂಡತಿಯ ಬಾಟಲಿಯನ್ನು ಊಹಿಸಿಕೊಂಡು ಮುಳ್ಳಪ್ಪನವರು ಶಾಲಿನ ಗಂಟನ್ನು ಎತ್ತಿಕೊಂಡು ಸಾಲಿನಿಂದ ಹೊರಗೆ ಬಂದರು.

ಮೊದಲು ಶೌಚಾಲಯದ ಕೈ ಒಣಗಿಸುವ ಯಂತ್ರದ ಕೆಳಗೆ ಬಾಟಲಿ ಹಿಡಿದರು. ಕೈ ತೊಳೆಯಲು ಬಂದ ಮಾರಾಟ ಪ್ರತಿನಿಧಿಯೊಬ್ಬ, “ಕಂಕುಳಲ್ಲಿ ಇಟ್ಕೊಳ್ಳಿ ಯಜಮಾನ್ರೇ, ಮೈ ಶಾಖ ಒಳ್ಳೇದು,” ಎಂದ. ಕಂಕುಳಲ್ಲಿಟ್ಟು ಕೂತರೆ, ಎದುರಿಗಿದ್ದ ನಿವೃತ್ತ ನರ್ಸಮ್ಮ ಜ್ವರ ನೋಡಿಕೊಳ್ಳುತ್ತಿದ್ದಾರೆಂದು ತಿಳಿದು ಎಷ್ಟಿದೆ ಎಂದು ಕೇಳಿದರು. ವಿಷಯ ತಿಳಿದ ಮೇಲೆ ಆ ತಾಯಿಯೇ ಚಹಾದ ಅಂಗಡಿಗೆ ಕರೆದೊಯ್ದು, ಅಗಲ ಬಾಯಿಯ ಪಾತ್ರೆಯಲ್ಲಿ ಬಿಸಿನೀರು ಕೊಡಿಸಿದರು. “ಕುದಿಯೋದು ಬೇಡಮ್ಮ. ಮಗೂಗೆ ಸ್ನಾನ ಮಾಡ್ಸೋ ಅಷ್ಟು,” ಎಂದು ಅಂಗಡಿಯವಳಿಗೆ ಅಪ್ಪಣೆಯಾಯಿತು. ಮಾರಾಟ ಪ್ರತಿನಿಧಿ ನೀರು ಬದಲಿಸುವ ಕೆಲಸ ವಹಿಸಿಕೊಂಡ. ಅವನ ವಿಮಾನ ಹೊರಟುಹೋಯಿತೆಂದು ಅವನಿಗೆ ತಿಳಿದದ್ದು ಆಮೇಲೆ.

ಜೇನಿನ ಬೆಣ್ಣೆಯಂಥ ಬಿಳುಪು ಅಂಚಿನಿಂದ ಮೆಲ್ಲಗೆ ಬಿಟ್ಟುಕೊಟ್ಟಿತು. ಮಬ್ಬು ತಿಳಿಯಾಯಿತು, ತಿಳಿ ಹೊಂಬಣ್ಣವಾಯಿತು. ಬಾಟಲಿ ಓರೆ ಮಾಡಿದರೆ ಜೇನು ನಿಧಾನವಾಗಿ, ತೂಕಡಿಕೆಯಿಂದ ಎದ್ದವರಂತೆ ಮಗ್ಗುಲಾಯಿತು. ಮುಳ್ಳಪ್ಪನವರ ಕಣ್ಣು ತೇವವಾಯಿತು. ಹಾಳಾದ ಜೇನನ್ನು ಹೇಗಪ್ಪಾ ಸ್ಪರ್ಧೆಗೆ ಇಡುವುದೆಂದು ಅವರು ಒಳಗೊಳಗೇ ಕೊರಗಿದ್ದರು. ನಿಂತ ಗಡಿಯಾರ ಟಿಕ್ ಎಂದಾಗ ಆಗುವ ಸಮಾಧಾನ ಇಷ್ಟು ದೊಡ್ಡದಾಗಿ ಅವರಿಗೆ ಎಂದೂ ಆಗಿರಲಿಲ್ಲ.

“ದ್ರವ,” ಎಂದು ತಾವಾಗಿಯೇ ಘೋಷಿಸಿ ಯಂತ್ರಕ್ಕೆ ಕೊಟ್ಟರು. ಹಸಿರು ದೀಪ ಹತ್ತಿತು.

ಸಂಜೆ ಸ್ಪರ್ಧೆಯ ಸಭಾಂಗಣದ ಬಾಗಿಲು ಮುಚ್ಚುವ ಮುಂಚೆ ಏದುಸಿರು ಬಿಡುತ್ತ ಒಳಗೆ ನುಗ್ಗಿದರು. ಮೇಜಿನ ಹಿಂದಿದ್ದ ಹೆಂಗಸು ಅವರ ಹೆಂಡತಿಯ ಹೆಸರು ಕೇಳಿದೊಡನೆ ಎದ್ದು ನಿಂತಳು.

“ಅವರ ಯಜಮಾನ್ರಾ ನೀವು? ಫೋನಲ್ಲಿ ನನ್ನ ಹತ್ರಾನೇ ಮಾತಾಡಿದ್ರು. ಉಸಿರು ಹಿಡ್ಕೊಂಡು ಹಿಡ್ಕೊಂಡು. ಕೊಡಿ, ಇಲ್ಲಿ ಕೊಡಿ.” ಎರಡೂ ಕೈಯಿಂದ ಬಾಟಲಿ ತೆಗೆದುಕೊಂಡಳು. ತೆಗೆದುಕೊಂಡು, ಅಭ್ಯಾಸಬಲದಿಂದ, ಬೋರಲು ಹಿಡಿದಳು.

ಒಂದು ಗುಳ್ಳೆ ಮೇಲೇರಿತು. ಅದರ ಹಿಂದೆ ಜೇನೆಲ್ಲ ವಿಧೇಯವಾಗಿ ಕೆಳಗಿಳಿಯಿತು.

“ಹರೀತಿದೆಯಲ್ಲ ಸಾರ್,” ಎಂದಳು.

“ಹರೀದೇ ಏನಮ್ಮ? ಎಷ್ಟು ಜನ ಸೇರಿ ಹರಿಸಿದೀವಿ ಗೊತ್ತಾ?”

ಅವಳು ಬಾಟಲಿಯನ್ನು ಕೆಳಗಿಟ್ಟಳು. “ಅವರು ಹೆಸರು ಕೊಟ್ಟಿದ್ದು ಗಟ್ಟಿ ಜೇನಿಗೆ ಸಾರ್. ತಂಪಲ್ಲಿಟ್ಟು, ದಿನಾ ಕಲಕಿ, ಬೆಣ್ಣೆ ಹಾಗೆ ಕಟ್ಟಿಸ್ತಾರೆ. ಬೋರಲು ಹಾಕಿದ್ರೆ ಕದಲಬಾರದು. ಈ ವರ್ಷ ಹೊಸದಾಗಿ ಮಾಡಿದ ಮೇಜು, ಅಗೋ.”

ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜೊಂದು ಖಾಲಿಯಾಗಿ ನಿಂತಿತ್ತು.

“ಅಲ್ಲಿಗೆ ಬೇರೆ ಯಾರ್‍ಯಾರು ಬಂದಿದಾರೆ?”

“ಯಾರೂ ಇಲ್ಲ. ಅವರೊಬ್ಬರೇ.”

ಮುಳ್ಳಪ್ಪನವರು ಗೋಡೆ ಗಡಿಯಾರ ನೋಡಿದರು. “ಮತ್ತೆ ಗಟ್ಟಿ ಮಾಡೋಕೆ ಎಷ್ಟು ಹೊತ್ತು ಬೇಕು?”

“ಹೊತ್ತಲ್ಲ ಸಾರ್, ವಾರಗಟ್ಟಲೆ. ತಿಳಿ ಜೇನಿನ ಮೇಜಲ್ಲಿ ಇಡ್ತೀನಿ, ಬೇಜಾರು ಮಾಡ್ಕೋಬೇಡಿ.”

ಇಟ್ಟಳು. ತೀರ್ಪುಗಾರರು ಬಂದರು, ನೆಕ್ಕಿದರು, ತಲೆದೂಗಿದರು. ತಿಳಿ ಜೇನಿನಲ್ಲಿ ಮೊದಲ ಬಹುಮಾನ ಅಕ್ಕನಿಗೆ. ಎರಡನೆಯದು ತಂಗಿಗೆ.

ಎಲ್ಲ ಮುಗಿದ ಮೇಲೆ ಅಕ್ಕ ಬಂದು ಮುಳ್ಳಪ್ಪನವರ ಪಕ್ಕದ ಕುರ್ಚಿಯಲ್ಲಿ ಕೂತರು. ಇಬ್ಬರ ಕಣ್ಣೂ ಖಾಲಿ ಮೇಜಿನ ಮೇಲಿತ್ತು.

“ಆ ಮೇಜಿಗೆ ಬರ್ತೀವಿ ಅಂದೋರು ಬೇಕಾದಷ್ಟು ಜನ ಇದ್ರು,” ಎಂದರು ಅಕ್ಕ. “ಒಬ್ಬೊಬ್ಬರ ಮನೆಗೂ ಹೋಗಿ, ಇದೊಂದು ವರ್ಷ ಬಿಟ್ಕೊಡಿ ಅಂತ ಕೈ ಮುಗಿದಿದ್ದೆ. ಏನ್ ಮಾಡ್ಬಿಟ್ರಿ ನೀವು?”

“ದ್ರವ ಮಾಡ್ಬಿಟ್ಟೆ ಅತ್ತಿಗೆ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ನಗು ಒರೆಸಿದರೋ ಅಳು ಒರೆಸಿದರೋ ತಿಳಿಯಲಿಲ್ಲ. “ಹೋಗ್ಲಿ. ಅವಳ ನೆನಪಿಗೆ ಬಾಟಲಿನಾದ್ರೂ ಜೋಪಾನವಾಗಿ ಮನೆಗೆ ತಗೊಂಡು ಹೋಗಿ.”

“ಈ ಊರಿನ ನಿಲ್ದಾಣದಲ್ಲಿ ಹೆಂಗೆ ಅತ್ತಿಗೆ? ಗಟ್ಟಿ ಬಿಡ್ತಾರೋ, ತೆಳು ಬಿಡ್ತಾರೋ?”

“ಅದು ಆ ಹೊತ್ತಿಗೆ ಯಾರು ಕೂತಿರ್ತಾರೋ ಅವರ ಮೇಲೆ.”

ಮುಳ್ಳಪ್ಪನವರು ಶಾಲು ಬಿಚ್ಚಿ ತೊಡೆಯ ಮೇಲೆ ಹಾಸಿದರು. ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದರು.

“ಎರಡು ಚಮಚ ತರ್ಸಿ. ಹೊಟ್ಟೆಯೊಳಗೆ ಏನಿದೆ ಅಂತ ಇವತ್ತು ಇನ್ನೂ ಯಾರೂ ಕೇಳಿಲ್ಲ.”