ಅತ್ತೆಯ ಕಾಲು, ನನ್ನ ಮೊಡವೆಯ ಗುಳಿಗೆ

ಮಾನ್ವಿಯ ನನ್ನ ಸೋದರತ್ತೆ ಈರಮ್ಮನ ಕಾಲು ಉಳಿದದ್ದು ನನ್ನಿಂದ ಎಂದು ನಮ್ಮ ಬಂಧುಗಳು ದೇವದುರ್ಗದವರೆಗೂ ಹೇಳಿಕೊಂಡು ತಿರುಗುತ್ತಾರೆ. ಈ ಹೇಳಿಕೆಗೆ ಸಾಕ್ಷಿ ಇಲ್ಲ, ತರ್ಕ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಾಲನ್ನು ಕಳೆಯಲು ಹೊರಟವನೇ ನಾನು. ಇದನ್ನು ವಿನಯ ಎಂದುಕೊಳ್ಳಬೇಡಿ. ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಎರಡು ಸಲ ಗೆದ್ದವನಿಗೆ ವಿನಯದ ಅಭ್ಯಾಸವಿರುವುದಿಲ್ಲ.

ಆಗ ನಾನು ಬಿ.ಎಸ್ಸಿ. ಎರಡನೇ ವರ್ಷ. ವೇದಿಕೆಯ ಮೇಲೆ ನಾನು ಏನೇ ಮಂಡಿಸಿದರೂ ಮುಂದಿನ ಸಾಲಿನವರು ನನ್ನ ಮೊಡವೆಗಳನ್ನೇ ನೋಡುತ್ತಿದ್ದರು. ಡಾಕ್ಟರೊಬ್ಬರು ಅದಕ್ಕೆ ಟೆಟ್ರಾಸೈಕ್ಲಿನ್ ಗುಳಿಗೆ ಬರೆದುಕೊಟ್ಟರು. ಅರ್ಧ ನುಂಗಿ ಉಳಿದದ್ದನ್ನು ಪೌಡರ್ ಡಬ್ಬಿಯಲ್ಲಿ ಎತ್ತಿಟ್ಟೆ; ನಮ್ಮ ಮನೆತನದಲ್ಲಿ ಔಷಧಿಯನ್ನು ಪೂರ್ತಿ ಮುಗಿಸುವುದೆಂದರೆ ದುಂದುಗಾರಿಕೆ. ರಜೆಗೆ ಮಾನ್ವಿಗೆ ಹೋದಾಗ, ಜಾಲಿಮುಳ್ಳು ಚುಚ್ಚಿ ಅತ್ತೆಯ ಪಾದ ಕೆಂಪಗೆ ಬಾತಿತ್ತು. ದಿನಾ ದವಾಖಾನೆಯಲ್ಲಿ ಪೆನಿಸಿಲಿನ್ ಸೂಜಿ. ನಾನು ಡಬ್ಬಿ ತೆಗೆದು, ಸೂಜಿಯ ಜೊತೆಗೆ ಇದನ್ನೂ ನುಂಗು ಎಂದು ವಾದ ಹೂಡಿದೆ.

"ಡಾಕ್ಟರಿಗೆ ಒಂದ್ ಮಾತು ಕೇಳೋದು ಬ್ಯಾಡೇನೋ?" ಎಂದಳು ಅತ್ತೆ.

"ಅತ್ತಿ, ಬಂಡಿಗೆ ಒಂದೆತ್ತು ಛಲೋನೋ, ಜೋಡೆತ್ತು ಛಲೋನೋ?"

"ನಿನ್ನ ಬಾಯಿಗೆ ಯಾರು ಹತ್ತಬೇಕಲೇ!" ಎಂದು ಗುಳಿಗೆಗಳನ್ನು ಒಂದು ಅರಿವೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡಳು.

ನಾಲ್ಕನೆಯ ದಿನ ಬಾವು ಮೊಣಕಾಲಿನತ್ತ ಏರಿತು. ಇಳಿಯದಿದ್ದರೆ ರಾಯಚೂರಿಗೆ ಒಯ್ಯಿರಿ, ಕಾಲು ತೆಗೆಯಬೇಕಾದೀತು ಎಂದರು ಡಾಕ್ಟರು. ಒಲೆಯ ಮೇಲೆ ಸಿರಿಂಜು ಕುದಿಸುತ್ತಿದ್ದ ಕಂಪೌಂಡರ್ ಖಾಜಾಸಾಬರಿಗೆ ನನ್ನ ಜೋಡೆತ್ತಿನ ಸಿದ್ಧಾಂತವನ್ನು ಒಪ್ಪಿಸಿದೆ. ಧ್ವನಿ ಮಾತ್ರ ಸ್ಪರ್ಧೆಯಲ್ಲಿದ್ದಷ್ಟು ಗಟ್ಟಿಯಾಗಿರಲಿಲ್ಲ.

"ಯಾ ಅಲ್ಲಾ! ನೋಡು ಬೇಟಾ, ಕ್ರಿಮಿ ಬೆಳಿಯೋವಾಗ ತನ್ನ ಸುತ್ತ ಗೋಡಿ ಕಟ್ಕೋತದ. ಪೆನಿಸಿಲಿನ್ ಆ ಕಟ್ಟೋ ಕೆಲಸದಾಗ ಕೈ ಹಾಕ್ತದ. ಅರೆಬರೆ ಗೋಡಿ ಒಡದು ಕ್ರಿಮಿ ಖತಂ. ನಮ್ಮ ಮೈಯಾಗ ಅಂಥಾ ಗೋಡಿನ ಇಲ್ಲ, ಅದಕ್ಕ ನಾವು ಉಳಿತೀವಿ. ಸಲ್ಫಾ ಗುಳಿಗಿ ಬ್ಯಾರೆ ಥರ, ಕ್ರಿಮಿಗೆ ಬೇಕಾದ ಸಾಮಾನಿನ ಜಾಗಾದಾಗ ನಕಲಿ ಸಾಮಾನು ಇಡ್ತದ. ನಿನ್ನ ಟೆಟ್ರಾಸೈಕ್ಲಿನ್ ಕೊಲ್ಲಂಗಿಲ್ಲ. ಒಳಗ ಪ್ರೋಟೀನ್ ಮಾಡೋದು ನಿಂದರಸ್ತದ, ಕ್ರಿಮಿ ಬೆಳಿಯೋದು ಬಿಟ್ಟು ಸುಮ್ನ ಕುಂದರ್ತದ."

ನಾನು ಇನ್ನೂ ಪ್ರತಿವಾದ ಹುಡುಕುತ್ತಿದ್ದೆ. ಸೂಜಿಗಾಗಿ ಪಕ್ಕದಲ್ಲೇ ಕೂತಿದ್ದ ಅತ್ತೆ ಗೋಡೆ ಕಟ್ಟುವ ಗೌಂಡಿಯ ಹೆಂಡತಿ, ಅವಳಿಗೆ ಆಗಲೇ ತಿಳಿದಿತ್ತು. "ಹಂಗಾರ ಕೆಲಸಾನ ಬಂದ್ ಆದ್ರ ಕಟ್ಟೋ ಗೋಡಿ ಎಲ್ಲೀದ್ರಿ? ಪೆನಿಸಿಲಿನ್ ಯಾತಕ್ಕ ಕೈ ಹಾಕಬೇಕು?"

"ಶಾಭಾಷ್ ಈರಮ್ಮಾ! ಕಾಲೇಜಿಗೆ ನೀವು ಹೋಗಬೇಕಿತ್ತು ನೋಡ್ರಿ."

ಗುಳಿಗೆ ಬೇಡವೆಂದರು, ಸೂಜಿ ಮುಂದುವರಿಯಿತು, ಬಾವು ಇಳಿಯಿತು. ನಾನು ದವಾಖಾನೆಯಲ್ಲಿ ವಾದ ಮಾಡಿ ಕಾಲು ಉಳಿಸಿದೆನೆಂಬ ಕಥೆಯನ್ನು ಹಬ್ಬಿಸಿದವಳು ಅತ್ತೆಯೇ. ನಾನು ಮಾತ್ರ ಒಳಗೊಳಗೇ ತಪ್ಪಿತಸ್ಥನಾಗಿ, ಒಂದು ರೀತಿ ನೆಮ್ಮದಿಯಿಂದ, ಎರಡು ವರ್ಷ ಕಳೆದೆ.

ಮೊನ್ನೆ ಅತ್ತೆ ಹೇಳಿದ್ದಕ್ಕೆ ಅವಳ ಟ್ರಂಕಿನಲ್ಲಿ ಕೌದಿ ಹುಡುಕುವಾಗ ಅದೇ ಅರಿವೆಯ ಗಂಟು ಸಿಕ್ಕಿತು. ಬಿಚ್ಚಿದರೆ ಗುಳಿಗೆಗಳು ಒಂದಕ್ಕೊಂದು ಕರಗಿ ಅಂಟಿ, ಎಷ್ಟಿವೆ ಎಂದು ಹೇಳಲಾಗದ ಮುದ್ದೆ. ನುಂಗಿದ್ದಳೆಂದರೆ ಅವಳ ಕಾಲಿಗೆ ಕುತ್ತು ತಂದವನು ನಾನು. ನುಂಗಿರಲಿಲ್ಲವೆಂದರೆ ಬಾವು ತನ್ನ ಪಾಡಿಗೆ ಏರಿ, ಸೂಜಿಗೆ ಇಳಿದಿದೆ. ಹಾಗಿದ್ದರೆ ನನ್ನ ಅತ್ಯುತ್ತಮ ವಾದ ಸ್ವಂತ ಅತ್ತೆಯನ್ನೂ ಒಪ್ಪಿಸಿಲ್ಲ. ನಾಚಿಕೆಯ ಸಂಗತಿ: ಎರಡರಲ್ಲಿ ಮೊದಲನೆಯದೇ ನಿಜವಾಗಿರಲಿ ಎಂದು ನನ್ನ ಮನಸ್ಸು ಬಯಸಿತು.

ಗಂಟು ಹಿಡಿದು ಹೊರಗೆ ಬಂದೆ. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಪುಂಡಿಪಲ್ಯ ಸೋಸುತ್ತಿದ್ದಳು. ಗಂಟನ್ನು ನೋಡಿದಳು, ನಕ್ಕಳು, ಮತ್ತೆ ಸೊಪ್ಪಿಗೆ ಕೈ ಹಾಕಿದಳು.

"ಅತ್ತಿ, ಖರೇ ಹೇಳು. ನೀ ಒಂದರ ಗುಳಿಗಿ ನುಂಗಿದ್ಯೋ, ಇಲ್ಲೋ?"